ಒಲೆಪೆಟ್ಟಿಗೆಯ ಹಲಸಿನ ಬೆಣೆ

ವ್ಯಾನಿನೊಳಗೆ ಅಡುಗೆ ಒಲೆ ಕೂರಿಸುವ ಕೆಲಸಕ್ಕೆ ಹೊಸದಾಗಿ ಇಳಿದವರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅವರು ಮೊದಲು ಕೇಳುವುದು ಯಾವ ಪ್ಲೈವುಡ್ ಒಳ್ಳೆಯದು ಎಂದು. ಹೇಳುತ್ತೇನೆ. ಆಮೇಲೆ ಯಾವ ಅಂಟು ಎಂದು ಕೇಳುತ್ತಾರೆ. ಅದನ್ನೂ ಹೇಳುತ್ತೇನೆ. ತೂತು ಎಲ್ಲಿರಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳಬೇಕಾದವನು ನಾನು. ಆದರೆ ಅದನ್ನು ಹೇಳಲು ಹೊರಟರೆ ನಾನು ಮಾಡಿದ ಒಂದು ಹೇಡಿ ಕೆಲಸವನ್ನೂ ಹೇಳಬೇಕಾಗುತ್ತದೆ. ಆರು ವರ್ಷ ಆ ಕಾರಣಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

ನಾನು ವಯನಾಡಿನ ನೂಲ್ಪುಳದ ಶಿವಣ್ಣ. ಅಜ್ಜನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಕಾಡು ದಾಟಿ ಬಂದ ನಮ್ಮವರು ಇಲ್ಲಿ ಗದ್ದೆ ಮಾಡಿದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಕೆಲಸದ ಜಾಗದಲ್ಲಿ ಎರಡನ್ನೂ ಕಲಸಿದ ಒಂದು ಭಾಷೆ. ಅಣ್ಣಂದಿರು ಗದ್ದೆಗೆ ಇಳಿದರು, ನಾನು ಮರಗೆಲಸಕ್ಕೆ ಹೋದೆ.

ಕೆಲಸ ಕಲಿಸಿದವರು ಕುಂಞಾಶಾರಿ. ಭತ್ತ ತುಂಬಿಡುವ ದೊಡ್ಡ ಮರದ ಪೆಟ್ಟಿಗೆ, ಇಲ್ಲಿನವರು ಪತ್ತಾಯ ಎನ್ನುತ್ತಾರಲ್ಲ, ಅದನ್ನು ಮಾಡುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ವಯನಾಡಿನ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಅಂಥ ಕಡೆ ಭತ್ತಕ್ಕೆ ಬೂಸ್ಟು ಹಿಡಿಯಬಾರದು, ಇಲಿ ನುಗ್ಗಬಾರದು, ಇರುವೆ ಹತ್ತಬಾರದು. ಪೆಟ್ಟಿಗೆ ಮುಗಿದ ದಿನ ಆಶಾರಿ ಅದರೊಳಗೆ ಎರಡು ಕೊಡ ನೀರು ಹೊಯ್ಯುತ್ತಿದ್ದರು. ಮಾರನೆಯ ಬೆಳಿಗ್ಗೆ ಬಗ್ಗಿ ಅಡಿಯ ಹಲಗೆಯನ್ನು ಅಂಗೈಯಿಂದ ಸವರಿ ನೋಡುತ್ತಿದ್ದರು. ಅಂಗೈ ಒದ್ದೆಯಾದರೆ ಪೆಟ್ಟಿಗೆ ಬಿಚ್ಚಬೇಕು. ಒಣಗಿದ್ದರೆ "ಮತಿ" ಎನ್ನುತ್ತಿದ್ದರು. ಸಾಕು ಎಂದು ಅರ್ಥ. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ಇರಲಿಲ್ಲ. ನನ್ನ ಕೆಲಸಕ್ಕೆ ಆ ಮಾತು ಬಂದದ್ದು ಐದು ವರ್ಷದಲ್ಲಿ ಒಂದೇ ಸಲ. ಆ ಒಂದು ಮಾತಿನ ರುಚಿ ನನ್ನನ್ನು ಕೆಡಿಸಿತು ಎಂದರೆ ಗುರುವಿನ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಕೆಟ್ಟವನು ನಾನೇ.

ಕಾಲ ಬದಲಾಯಿತು, ಪತ್ತಾಯ ಮಾಡಿಸುವವರು ಇಲ್ಲವಾದರು. ಬತ್ತೇರಿಯಲ್ಲಿ ಬಸ್ಸಿನ ಬಾಡಿ ಕಟ್ಟುವ ಒಂದು ಶೆಡ್ಡಿಗೆ ಸೇರಿದೆ. ಅಲ್ಲಿನ ಮೇಸ್ತ್ರಿಗೆ ಹೊಟ್ಟೆ ದೊಡ್ಡದು. ಗಾಡಿಯ ಅಡಿಗೆ ಹೋಗಲು ಆಗುತ್ತಿರಲಿಲ್ಲ. ಅದಕ್ಕೆ ಅವನು ಒಂದು ತತ್ವವನ್ನೇ ಕಟ್ಟಿಕೊಂಡಿದ್ದ. "ಶಿವೇಟ್ಟಾ, ಅಡಿ ನೋಡೋರು ಯಾರು? ಮೇಲೆ ಪೈಂಟ್ ಮಿಂಚಿದ್ರೆ ಪಣಿ ಮುಗೀತು, ಕೆಲಸ ಆಯ್ತು" ಎನ್ನುತ್ತಿದ್ದ. ಅವನನ್ನು ನಾನು ಒಳಗೊಳಗೇ ಗೇಲಿ ಮಾಡುತ್ತಿದ್ದೆ. ಮುಂದೆ ನನ್ನ ಬಾಳಿನ ದೊಡ್ಡ ತಪ್ಪು ಗಾಡಿಯ ಅಡಿಯಲ್ಲೇ, ಯಾರೂ ನೋಡುವುದಿಲ್ಲ ಎಂಬ ಧೈರ್ಯದಲ್ಲೇ ಆಯಿತು.

ಆಮೇಲೆ ಮುತ್ತಂಗದ ಈಚೆ, ಹೆದ್ದಾರಿ ಪಕ್ಕ ಸ್ವಂತ ಶೆಡ್ಡು ಹಾಕಿದೆ. ಕಾಡಿನ ರಸ್ತೆ ರಾತ್ರಿ ಮುಚ್ಚುವುದರಿಂದ ಸಂಜೆ ತಡವಾಗಿ ಬಂದ ಗಾಡಿಗಳು ಬೆಳಗಿನವರೆಗೆ ಅಲ್ಲೇ ಸಾಲುಗಟ್ಟುತ್ತವೆ. ಮಲಗುವ ಹಾಸಿಗೆ, ಪಾತ್ರೆಪಗಡ ಎಲ್ಲ ಇಟ್ಟುಕೊಂಡು ಊರೂರು ಸುತ್ತುವವರ ವ್ಯಾನುಗಳು ಅವುಗಳ ನಡುವೆ ಹೆಚ್ಚಾದವು. ಒಮ್ಮೆ ಒಬ್ಬರು ಗ್ಯಾಸ್ ಒಲೆಯನ್ನು ಸೀಟಿಗೆ ಹಗ್ಗದಿಂದ ಕಟ್ಟಿ ಚಾಯ ಕಾಯಿಸುತ್ತಿದ್ದುದನ್ನು ನೋಡಿ ಮೈ ಜುಂ ಎಂದಿತು. ಇದಕ್ಕೊಂದು ಗಟ್ಟಿ ಪೆಟ್ಟಿಗೆ ಬೇಡವೇ ಎಂದುಕೊಂಡೆ. ಒಲೆಪೆಟ್ಟಿಗೆಯ ಕೆಲಸ ನನಗೆ ಅಂಟಿಕೊಂಡದ್ದು ಹೀಗೆ.

ಮೊದಲನೆಯ ಪೆಟ್ಟಿಗೆಯ ಕಥೆ ಹೇಳಿದರೆ ನಗುತ್ತೀರಿ. ಸಾಮಾನ್ಯ ಪ್ಲೈವುಡ್‌ನಲ್ಲಿ ಮಾಡಿ, ಚೆಂದದ ಮೈಕಾ ಅಂಟಿಸಿ ಕೊಟ್ಟಿದ್ದೆ. ಕರ್ಕಾಟಕ ತಿಂಗಳ ಮಳೆಗೆ ಬಾಗಿಲು ಊದಿಕೊಂಡು ಚೌಕಟ್ಟಿಗೆ ಕಚ್ಚಿತು. ಒಲೆ, ಅಕ್ಕಿ, ಬೇಳೆ, ಪಾತ್ರೆ ಎಲ್ಲ ಒಳಗೆ ಬಂದಿ. ಗಾಡಿಯ ಯಜಮಾನರು ಕೋಳಿಕ್ಕೋಡಿನಿಂದ ಬಾಳೆಹಣ್ಣು ತಿನ್ನುತ್ತಾ ಘಟ್ಟ ಹತ್ತಿ ಬಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿದರು. ಹಾರೆ ಹಾಕಿ ಬಾಗಿಲು ಮೀಟಿದಾಗ ಒಳಗಿನ ಮೂಲೆಯಲ್ಲಿ ಎರಡು ಅಣಬೆ ಎದ್ದಿದ್ದವು. "ಅಡುಗೆಗೆ ಸಾಮಾನೂ ನೀವೇ ಬೆಳೆಸಿ ಕೊಡ್ತೀರಾ ಶಿವಣ್ಣ?" ಎಂದು ಕೇಳಿದರು. ನಾಚಿಕೆಯಾಯಿತು. ಅದು ತೊಳೆದರೆ ಹೋಗುವ ನಾಚಿಕೆ.

ಅಲ್ಲಿಂದ ತೇವ ನನ್ನ ಹಗೆಯಾಯಿತು. ನೀರಿಗೆ ಜಗ್ಗದ ಮೆರೀನ್ ಪ್ಲೈವುಡ್ ಹಿಡಿದೆ. ಕೊಯ್ದ ಅಂಚನ್ನು ಬರಿಮೈಯಲ್ಲಿ ಬಿಡದೆ ಮೂರು ಕೈ ಎಪಾಕ್ಸಿ ಅಂಟು ಕುಡಿಸಿದೆ. ಸ್ಕ್ರೂ ಕೂರುವ ತೂತಿಗೂ ಮೊದಲು ಎಪಾಕ್ಸಿ, ಆಮೇಲೆ ಸ್ಕ್ರೂ. ಒಲೆಯ ಸುತ್ತ ಸಿಮೆಂಟು ಹಲಗೆ ನಿಲ್ಲಿಸಿ, ಅದರ ಮುಂದೆ ಬೆರಳಗಲ ಜಾಗ ಬಿಟ್ಟು ಸ್ಟೀಲ್ ತಗಡು ಹೊದಿಸಿದೆ. ಬಿಸಿ ಮರಕ್ಕೆ ತಾಗುವುದಿಲ್ಲ, ಸಾರು ಉಕ್ಕಿದರೆ ಒರೆಸಿದರಾಯಿತು. ಬಾಗಿಲಿಗೂ ಮೇಲಿನ ಮುಚ್ಚಳಕ್ಕೂ ಸುತ್ತಲೂ ರಬ್ಬರ್ ಪಟ್ಟಿ. ಇದೆಲ್ಲ ಸರಿಯಾದ ಕೆಲಸವೇ. ಇವತ್ತಿಗೂ ಹಾಗೇ ಮಾಡಿ ಎನ್ನುತ್ತೇನೆ.

ಪೆಟ್ಟಿಗೆ ಮುಗಿದ ಮೇಲೆ ಗುರುವಿನ ನೀರಿನ ಪರೀಕ್ಷೆ ಮಾಡುತ್ತಿದ್ದೆ. ಗಿರಾಕಿಯ ಎದುರಿಗೇ ಒಂದು ಕೊಡ ನೀರು ಹೊಯ್ದು, "ನಾಳೆ ಬಂದು ಅಡಿ ಮುಟ್ಟಿ ನೋಡಿ" ಎನ್ನುವುದು. ಬಂದವರು ಮುಟ್ಟಿ ನೋಡಿ ಬೆರಗಾಗುತ್ತಿದ್ದರು. ಶಿವಣ್ಣನ ಪೆಟ್ಟಿಗೆ ಕೊಡದ ಹಾಗೆ ನೀರು ಹಿಡಿಯುತ್ತದೆ ಎಂಬ ಮಾತು ಮೈಸೂರಿನವರೆಗೂ ಹೋಯಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಭತ್ತ ಸೋರಿ ಹರಡುವ ವಸ್ತುವಲ್ಲ, ಗ್ಯಾಸ್ ಹಾಗಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ಅಡಿಗೆ ಇಳಿದು ಕೂರುತ್ತದೆ. ನೀರು ಹಿಡಿಯುವ ಪೆಟ್ಟಿಗೆ ಗ್ಯಾಸನ್ನೂ ಹಿಡಿಯುತ್ತದೆ. ಇಷ್ಟು ಸಣ್ಣ ವಿಷಯ ನನಗೆ ತಿಳಿದಿರಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು. ತಿಳಿದಿತ್ತು. ಒಬ್ಬರಲ್ಲ, ಇಬ್ಬರು ಹೇಳಿದ್ದರು.

ಒಬ್ಬ ಬೊಮ್ಮನ್. ಕಾಡಿನ ಹಾಡಿಯವನು, ನನ್ನದೇ ವಯಸ್ಸು. ಜೇನಿನ ಕಾಲದಲ್ಲಿ ಮರ ಹತ್ತುತ್ತಿದ್ದ, ಉಳಿದ ಕಾಲದಲ್ಲಿ ನನ್ನ ಶೆಡ್ಡಿನಲ್ಲಿ ಉಜ್ಜುವ, ಬಣ್ಣ ಬಳಿಯುವ ಕೆಲಸ ಮಾಡುತ್ತಿದ್ದ. ನನ್ನನ್ನು ಆಶಾನ್ ಎನ್ನುತ್ತಿದ್ದ, ಅಂದರೆ ಗುರು. ಒಂದು ದಿನ ಪೆಟ್ಟಿಗೆಯೊಳಗೆ ಬಿದ್ದ ಸ್ಕ್ರೂ ಹೆಕ್ಕಲು ಬಗ್ಗಿದವನು ಹಾಗೇ ನಿಂತ.

"ಆಶಾ, ಇಲ್ಲಿ ಕೆಳಗೆ ನಾತ ಉಂಟು."

ನಾನು ಮೂಸಿದೆ. "ಏನೂ ಇಲ್ಲವಲ್ಲೋ."

"ನಿಂತು ಮೂಸಿದ್ರೆ ಸಿಕ್ಕಲ್ಲ. ಮಂಡಿ ಊರು. ಹೊಗೆ ಮೇಲೆ ಓಡ್ತದೆ, ಇದು ಓಡಲ್ಲ. ಹಾವಿನಂಗೆ ಮೂಲೇಲಿ ಸುತ್ಕೊಂಡು ಕೂತದೆ."

ಮಂಡಿ ಊರಿದರೆ ವಾಸನೆ ಇತ್ತು. ಕೊಳವೆಯ ಕೀಲು ಬಿಗಿ ಮಾಡಿದೆ, ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿದೆ, ಅಲ್ಲಿಗೆ ಮರೆತೆ.

ಎರಡನೆಯವರು ದೇವಕಿಯಕ್ಕ. ವೆಳ್ಳಮುಂಡದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಗೋಪಾಲಣ್ಣನ ಹೆಂಡತಿ. ನಮ್ಮ ಹಾಗೇ ಗುಂಡ್ಲುಪೇಟೆ ಕಡೆಯಿಂದ ಬಂದ ಮನೆತನ, ಮನೆಮಾತು ಕನ್ನಡ. ಗೋಪಾಲಣ್ಣ ತಮಾಷೆಯ ಮನುಷ್ಯ, ಯಾರನ್ನೂ ಕಿಚಾಯಿಸದೆ ಬಿಡುವವರಲ್ಲ. ಹಳೆಯ ವ್ಯಾನು ಕೊಂಡದ್ದು ಅವರು, ಆಸೆ ಮಾತ್ರ ದೇವಕಿಯಕ್ಕನದು. ನದಿಗಳ ಹೆಸರು ಬರೆದಿಟ್ಟ ಒಂದು ನೋಟ್‌ಬುಕ್ ಅವರ ಚೀಲದಲ್ಲಿತ್ತು. ಒಂದೊಂದು ನದಿಯ ದಡದಲ್ಲೂ ಗಾಡಿ ನಿಲ್ಲಿಸಿ, ಆ ನದಿಯ ಗಾಳಿಯಲ್ಲಿ ಚಾಯ ಮಾಡಿ ಕುಡಿಯಬೇಕು, ಅಷ್ಟೇ. "ಮೂವತ್ತು ವರ್ಷ ಒಂದೇ ಕಿಟಕಿ ನೋಡ್ಕೊಂಡು ಚಾಯ ಕಾಸಿದೀನಿ ಶಿವಣ್ಣ. ಪಿನ್ನೆ, ಇನ್ನಾದ್ರೂ ಕಿಟಕಿ ಬದಲಾಗ್ಲಿ" ಎಂದರು.

ಅವರು ಒಂದು ನಕ್ಷೆ ತಂದಿದ್ದರು. ಮೇಲೆ ಒಲೆ, ಕೆಳಗಿನ ಗೂಡಿನಲ್ಲಿ ಪುಟ್ಟ ಸಿಲಿಂಡರು, ಆ ಗೂಡಿನ ತಳದಲ್ಲಿ ನೇರ ರಸ್ತೆಗೆ ತೆರೆಯುವ ಒಂದು ತೂತು.

"ತಳಕ್ಕೆ ತೂತಾ? ಅಕ್ಕ, ಇದು ವಯನಾಡು. ತೂತಿನಿಂದ ಕೆಸರು ಹಾರ್ತದೆ, ಜಿಗಣೆ ಹತ್ತುತ್ತೆ."

"ಜಿಗಣೆ ಹತ್ತಿದ್ರೆ ಉಪ್ಪು ಹಾಕ್ತೀನಿ. ಗ್ಯಾಸಿಗೆ ಉಪ್ಪು ಹಾಕಕ್ಕಾಗ್ತದಾ? ತೂತು ಬೇಕು, ಇಡಿ."

ಇಟ್ಟೆ. ನಾನೇ ಕೊರೆದೆ, ಬೊಮ್ಮನ್ ಹಲಗೆ ಹಿಡಿದುಕೊಂಡಿದ್ದ. ಮೇಲೆ ಇಲಿ ಬಾರದ ಹಾಗೆ ತಂತಿ ಜಾಲರಿ ಕೂರಿಸಿದೆ. ಇಷ್ಟಕ್ಕೇ ಬಿಟ್ಟಿದ್ದರೆ ಈ ಬರಹವೇ ಬೇಕಿರಲಿಲ್ಲ.

ಕೊಡುವ ಹಿಂದಿನ ದಿನ ಬೊಮ್ಮನ್ ಜೇನಿಗೆ ಹೋಗಿದ್ದ. ಶೆಡ್ಡಿನಲ್ಲಿ ನಾನೊಬ್ಬನೇ. ಅಭ್ಯಾಸಬಲದಿಂದ ನೀರು ತಂದು, ಗಾಡಿಯಲ್ಲಿ ಕೂರಿಸಿದ್ದ ಪೆಟ್ಟಿಗೆಗೆ ಹೊಯ್ದೆ. ನೀರು ಬಳಬಳ ಇಳಿದು ನನ್ನ ಕಾಲು ತೋಯಿಸಿತು. ತೂತಿದ್ದರೆ ಇಳಿಯದೆ ಇನ್ನೇನು? ಆದರೂ ನನಗೆ ಅದನ್ನು ನೋಡಲಾಗಲಿಲ್ಲ. ಐದು ಪೆಟ್ಟಿಗೆ ನೀರು ಹಿಡಿದಿವೆ, ಆರನೆಯದು ಸೋರುತ್ತದೆ ಎಂದು ನಾಳೆ ಯಾರಾದರೂ ಹೇಳಿದರೆ? ಮಳೆಗೆ ಕೆಸರು ಹಾರಿ ಅಂಚು ನೆನೆದು ಮತ್ತೆ ಅಣಬೆ ಎದ್ದರೆ? ಹಲಸಿನ ತುಂಡೊಂದನ್ನು ಹೆಬ್ಬೆರಳ ಗಾತ್ರಕ್ಕೆ ಕೆತ್ತಿ, ಅಂಟು ಹಚ್ಚಿ, ಗಾಡಿಯ ಅಡಿಗೆ ತೆವಳಿ ಕೆಳಗಿನಿಂದ ತೂತಿಗೆ ಬಡಿದೆ. ಮೇಲೆ ಕರಿ ಟಾರು ಬಳಿದೆ. ಒಳಗಿನಿಂದ ನೋಡಿದರೆ ಜಾಲರಿ ಇದೆ, ತೂತೂ ಇದೆ. ಮತ್ತೆ ನೀರು ಹೊಯ್ದೆ. ಒಂದು ಹನಿ ಇಳಿಯಲಿಲ್ಲ. "ಮತಿ" ಎಂದು ನನಗೆ ನಾನೇ ಹೇಳಿಕೊಂಡೆ.

ಮಾರನೆಯ ದಿನ ದೇವಕಿಯಕ್ಕ ಬಗ್ಗಿ ಜಾಲರಿ ಮುಟ್ಟಿ ನೋಡಿದರು.

"ಇಟ್ಟಿದ್ದೀರಲ್ಲ?"

"ಇಟ್ಟಿದ್ದೀನಿ ಅಕ್ಕ."

ಅವರು ನಂಬಿ ಹೋದರು. ನಾಲ್ಕು ತಿಂಗಳಲ್ಲಿ ಕಬಿನಿ, ಕಾವೇರಿ, ತುಂಗೆ ಎಂದು ಸುತ್ತಿದರು. ಪ್ರತಿ ದಡದಿಂದಲೂ ಫೋನಿನಲ್ಲಿ ಒಂದು ಫೋಟೋ ಬರುತ್ತಿತ್ತು: ನದಿ, ಚಾಯದ ಲೋಟ, ಹಿಂದೆ ನನ್ನ ಪೆಟ್ಟಿಗೆ. ನಾನು ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದೆ.

ಐದನೆಯ ತಿಂಗಳು ಮೈಸೂರಿನಿಂದ ಬರುತ್ತಾ, ಬೆಳಿಗ್ಗೆ ಕಾಡು ದಾಟಿ ಪೊನ್ಕುಳಿ ದೇವಸ್ಥಾನದ ಹತ್ತಿರ ಗಾಡಿ ನಿಲ್ಲಿಸಿದ್ದಾರೆ. ಗೋಪಾಲಣ್ಣ ಕೈಮುಗಿಯಲು ಇಳಿದರು. ದೇವಕಿಯಕ್ಕ ಪೆಟ್ಟಿಗೆಯ ಮುಚ್ಚಳ ಎತ್ತಿ ಕಡ್ಡಿ ಗೀರಿದರು. ರಸ್ತೆಯ ಕುಲುಕಾಟಕ್ಕೆ ಕೊಳವೆಯ ಕೀಲು ಎಲ್ಲೋ ಸ್ವಲ್ಪ ಸಡಿಲವಾಗಿತ್ತು. ಸೋರಿದ ಗ್ಯಾಸ್ ತಳದಲ್ಲಿ ತುಂಬಿ ಕೂತಿತ್ತು. ನನ್ನ ರಬ್ಬರ್ ಪಟ್ಟಿ ಎಷ್ಟು ಬಿಗಿಯೆಂದರೆ ವಾಸನೆಯೂ ಹೊರಗೆ ಬಂದಿರಲಿಲ್ಲ. ಬೆಂಕಿ ಭಗ್ಗೆಂದು ಎದ್ದು ಅವರ ಎಡಗೈ ಮೊಣಕೈವರೆಗೆ ಸುಟ್ಟಿತು. ಹುಬ್ಬು, ಮುಂಗೂದಲು ಹೋಯಿತು. ದೇವಸ್ಥಾನದಲ್ಲಿದ್ದವರು ಓಡಿ ಬಂದು ಎಳೆದುಕೊಂಡರು. ಜೀವ ಉಳಿಯಿತು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ಸುದ್ದಿ ಕೇಳಿದವನು ಮೊದಲು ಓಡಿದ್ದು ಆಸ್ಪತ್ರೆಗಲ್ಲ, ಗಾಡಿಯ ಹತ್ತಿರ.  ಗಾಡಿಯ ಬಳಿ ಯಾರೂ ಇರಲಿಲ್ಲ. ಅಡಿಗೆ ತೆವಳಿದೆ. ಟಾರು ಕರಗಿ ತೊಟ್ಟಿಕ್ಕಿತ್ತು, ಬೆಣೆ ಒಂದು ಬದಿ ಸುಟ್ಟರೂ ಅಲುಗದೆ ಕೂತಿತ್ತು. ನನ್ನ ಕೆಲಸ ಅಷ್ಟು ಗಟ್ಟಿ! ಅಲ್ಲಾಡಿಸಿ ಕಿತ್ತು ಜೇಬಿಗೆ ಹಾಕಿಕೊಂಡೆ. ಎದ್ದು ಮಣ್ಣು ಕೊಡವಿಕೊಂಡೆ. ಆಮೇಲೆ ಆಸ್ಪತ್ರೆಗೆ ಹೋದೆ.

ಗೋಪಾಲಣ್ಣ ಗೋಡೆಗೊರಗಿ ನಿಂತಿದ್ದರು. "ಏನಾಯ್ತು ಶಿವಣ್ಣ? ಪೆಟ್ಟಿಗೇಲಿ ಏನಾದ್ರೂ?" ಎಂದು ಕೇಳಿದರು. ಆ ಮಾತಿನಲ್ಲಿ ಅನುಮಾನ ಇರಲಿಲ್ಲ. ತಿಳಿದವನು ಹೇಳಲಿ ಎಂದು ಕೇಳಿದ್ದರು.

"ತೂತಿದೆ ಅಣ್ಣ, ನೋಡ್ಕೊಂಡು ಬಂದೆ. ಪೆಟ್ಟಿಗೆ ಶರಿ ಇದೆ. ಒಲೆಯ ಗುಂಡಿ ತಿರುಗಿಸಿದ್ದು ಹಾಗೇ ಬಿಟ್ಟುಹೋಗಿರಬೇಕು."

ಹಾಸಿಗೆಯ ಮೇಲಿದ್ದ ದೇವಕಿಯಕ್ಕ ಬ್ಯಾಂಡೇಜಿನ ನಡುವಿನಿಂದ ಹೇಳಿದರು: "ಇಲ್ಲ. ನಾನು ಮುಚ್ಚಿದ್ದೆ. ನಂಗೆ ನೆನಪುಂಟು. ವಾಸನೆನೂ ಇರ್ಲಿಲ್ಲ."

 ಗೋಪಾಲಣ್ಣ ಹೆಂಡತಿಯ ಕಡೆ ನೋಡಿದರು. ದೇವಕಿಯಕ್ಕ ತಮ್ಮ ಬಲಗೈಯನ್ನು, ಗುಂಡಿ ತಿರುಗಿಸಿದ ಕೈಯನ್ನು, ನೋಡಿಕೊಂಡರು. "ಮುಚ್ಚಿದ್ದೆ ಅನ್ಸತ್ತೆ" ಎಂದರು. ಮುಚ್ಚಿದ್ದೆ ಎಂಬುದು ಮುಚ್ಚಿದ್ದೆ ಅನ್ಸತ್ತೆ ಎಂದಾಗಲು ನನ್ನ ಒಂದು ವಾಕ್ಯ ಸಾಕಾಯಿತು. ಗುಂಡಿಗಳು ಕರಗಿಹೋಗಿದ್ದರಿಂದ ನೋಡಿ ಹೇಳುವವರೂ ಯಾರೂ ಇರಲಿಲ್ಲ.

ಆ ತಿಂಗಳೇ ನಾನು ಹಳೆಯ ಐದು ಗಾಡಿಗಳನ್ನೂ ಹುಡುಕಿಕೊಂಡು ಹೊರಟೆ. ಮಡಿಕೇರಿ, ಮೈಸೂರು, ಕಲ್ಪೆಟ್ಟ, ಎಲ್ಲಿದ್ದರೂ ಹೋಗಿ ತಳಕ್ಕೆ ತೂತು ಕೊರೆದುಕೊಟ್ಟೆ. ಕಾರಣ ಹೇಳಲಿಲ್ಲ, ಹೊಸ ವಿಧಾನ ಬಂದಿದೆ ಎಂದೆ. ಕರೆಯದೆ ಬಂದು ಕೆಲಸ ಮಾಡಿಕೊಡುವ ಇಂಥವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದು ಅವರೆಲ್ಲ ಊಟ ಹಾಕಿ ಕಳಿಸಿದರು. ನಾನೂ ಕೂತು ಉಂಡೆ.

ಬೊಮ್ಮನ್ ಜೊತೆಗಿದ್ದ. ಐದನೆಯ ಗಾಡಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಕೇಳಿದ.

"ಆಶಾ, ಆ ಅಮ್ಮನ ಗಾಡಿಗೆ ತೂತು ನಾವೇ ಹಾಕಿದ್ವಲ್ಲ?"

"ಹೂಂ."

"ಪಿನ್ನೆ ಹೆಂಗೆ ಹತ್ತಿತು?"

"ಗುಂಡಿ ಬಿಟ್ಟಿದ್ರು."

 "ಗುಂಡಿ ಬಿಟ್ರೂ ತೂತಲ್ಲಿ ಇಳೀಬೇಕಲ್ಲ" ಎಂದ. ಬಸ್ಸು ಬಂತು, ಹತ್ತಿದೆವು. ಮಾರನೆಯ ದಿನದಿಂದ ಅವನು ನನ್ನನ್ನು ಆಶಾನ್ ಎನ್ನುವುದು ಬಿಟ್ಟು ಶಿವಣ್ಣ ಎನ್ನತೊಡಗಿದ. ಕೆಲಸ ಬಿಡಲಿಲ್ಲ, ಮುನಿಸಿಕೊಳ್ಳಲಿಲ್ಲ. ಆ ಒಂದು ಹೆಸರನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡ.

ಆಮೇಲಿನ ಪೆಟ್ಟಿಗೆಗಳನ್ನು ಬೇರೆ ರೀತಿ ಕಟ್ಟಿದೆ. ಈ ಕೆಲಸ ಹಿಡಿಯುವವರು ಇದನ್ನು ಓದಿಯಾದರೂ ತಿಳಿದುಕೊಳ್ಳಲಿ. ಸಿಲಿಂಡರಿಗೆ ಬೇರೆಯದೇ ಗೂಡು ಮಾಡಿ, ಬಾಗಿಲು ಗಾಡಿಯ ಹೊರಗಿನಿಂದ ಮಾತ್ರ ತೆರೆಯಲಿ. ಎರಡು ಗೂಡಿನ ತಳಕ್ಕೂ ರಸ್ತೆಗೆ ತೆರೆದ ತೂತು, ಒಲೆಗೂಡಿಗೆ ಮೇಲೂ ಒಂದು ಕಿಂಡಿ. ಕೆಸರು ಹಾರುತ್ತದೆ ಎಂದು ಭಯವಿದ್ದರೆ ತೂತಿನ ಕೆಳಗೆ ನಾಲ್ಕು ಬೆರಳು ಬಿಟ್ಟು ಒಂದು ತಗಡು ಬಗ್ಗಿಸಿ ಹೊಡೆಯಿರಿ: ಕೆಸರು ತಗಡಿಗೆ ಬಡಿಯುತ್ತದೆ, ಗ್ಯಾಸ್ ಪಕ್ಕದಿಂದ ಇಳಿಯುತ್ತದೆ. ತೂತಿನ ಅಂಚಿಗೆ ಎಪಾಕ್ಸಿ ಕುಡಿಸಿದರೆ ತೇವವೂ ಹತ್ತುವುದಿಲ್ಲ. ನೋಡಿ, ಇಷ್ಟೇ ಇದ್ದದ್ದು. ಒಂದು ತುಂಡು ತಗಡು. ಬೆಣೆ ಕೆತ್ತಿದಷ್ಟು ಹೊತ್ತೂ ಅದಕ್ಕೆ ಬೇಡ. ಆ ದಿನ ನನಗೆ ಅದು ಹೊಳೆಯಲಿಲ್ಲ, ಯಾಕೆಂದರೆ ನಾನು ಯೋಚಿಸುತ್ತಿದ್ದುದು ಒಲೆಯ ಬಗ್ಗೆ ಅಲ್ಲ, ನನ್ನ ಹೆಸರಿನ ಬಗ್ಗೆ.

ಹೋದ ವರ್ಷ ಮೊಣಕಾಲು ಕೈಕೊಟ್ಟಿತು. ಶೆಡ್ಡು ಬೇರೆಯವರಿಗೆ ವಹಿಸಿದೆ. ಅವರು ಪ್ರೀತಿಯಿಂದ ಒಂದು ಸಣ್ಣ ಸಮಾರಂಭ ಮಾಡಿ ಶಾಲು ಹೊದಿಸಿದರು. ಹಳೆಯ ಗಿರಾಕಿಗಳು ಬಂದಿದ್ದರು. ಗೋಪಾಲಣ್ಣ, ದೇವಕಿಯಕ್ಕನೂ ಬಂದಿದ್ದರು. ಗೋಪಾಲಣ್ಣನನ್ನು ಮಾತಾಡಲು ಕರೆದರು.

"ಶಿವಣ್ಣನ ಪೆಟ್ಟಿಗೆ ಬಗ್ಗೆ ನಂಗಿಂತ ಯಾರಿಗೆ ಗೊತ್ತು?" ಎಂದು ಅವರು ಶುರುಮಾಡಿದರು. "ಗಾಡಿ ಒಳಗೆ ಬೆಂಕಿ ಎದ್ರೂ ಪೆಟ್ಟಿಗೆ ಜಪ್ಪಯ್ಯ ಅನ್ಲಿಲ್ಲ. ಪೆಟ್ಟಿಗೆ ಮಾಡೋರು ಸಿಗ್ತಾರೆ, ಗುಂಡಿ ಮುಚ್ಚೋ ಹೆಂಡ್ತಿ ಸಿಗಲ್ಲ. ಅವತ್ತಿಂದ ಮನೇಲಿ ಚಾಯ ನಾನೇ ಇಡೋದು, ಇವಳ ಕೈಗೆ ಬೆಂಕಿಪೆಟ್ಟಿಗೆ ಕೊಡಲ್ಲ!"

ಎಲ್ಲರೂ ನಕ್ಕರು. ದೇವಕಿಯಕ್ಕನೂ ನಕ್ಕರು. ನಗುತ್ತಲೇ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಆ ಜೋಕನ್ನು ಅವರು ಆರು ವರ್ಷದಿಂದ ಪ್ರತಿ ಮದುವೆ, ಪ್ರತಿ ನಾಮಕರಣದಲ್ಲಿ ಕೇಳಿ ಹೀಗೇ ನಕ್ಕಿದ್ದಾರೆ ಎಂದು ಆ ನಗು ನೋಡಿದರೇ ತಿಳಿಯುತ್ತಿತ್ತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಜೇಬಿಗೆ ಹೋಯಿತು. ಬೆಣೆ ಜೇಬಿನಲ್ಲಿರಲಿಲ್ಲ, ಮನೆಯ ಉಪಕರಣದ ಪೆಟ್ಟಿಗೆಯ ತಳದಲ್ಲಿತ್ತು. ಸಭೆಯ ಹಿಂದೆ ಬೊಮ್ಮನ್ ನಿಂತಿದ್ದ. ಅವನೊಬ್ಬ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ. ಅಲ್ಲೇ ಎದ್ದು ಹೇಳಬೇಕಿತ್ತು. ಶಾಲು ಹೊದ್ದುಕೊಂಡು ಕೂತೇ ಇದ್ದೆ.

ಅದಾದ ಮೂರನೆಯ ದಿನ ಬೆಳಿಗ್ಗೆ ವೆಳ್ಳಮುಂಡಕ್ಕೆ ಹೋದೆ. ಇಬ್ಬರೂ ಮನೆಯಲ್ಲಿದ್ದರು. ನನ್ನನ್ನು ಕಂಡು ಗೋಪಾಲಣ್ಣನಿಗೆ ಖುಷಿಯಾಯಿತು. ಕೂತವನು ಜೇಬಿನಿಂದ ಬೆಣೆ ತೆಗೆದು ಟೀಪಾಯಿಯ ಮೇಲಿಟ್ಟೆ. ಅದು ಏನು, ಯಾಕೆ ಕೆತ್ತಿದೆ, ಎಲ್ಲಿಗೆ ಬಡಿದೆ, ಯಾವಾಗ ಕಿತ್ತೆ, ಆಸ್ಪತ್ರೆಯಲ್ಲಿ ಏನು ಹೇಳಿದೆ, ಎಲ್ಲ ಹೇಳಿದೆ. ಒಂದನ್ನೂ ಸಣ್ಣದು ಮಾಡಿ ಹೇಳಲಿಲ್ಲ. ಮನೆಯಿಂದ ಬಸ್ಸಿನವರೆಗೂ ಬಸ್ಸಿನಿಂದ ಅವರ ಮನೆಯವರೆಗೂ ಅಭ್ಯಾಸ ಮಾಡಿದ್ದೆ, ಇಲ್ಲದಿದ್ದರೆ ಸಣ್ಣದು ಮಾಡುತ್ತಿದ್ದೆನೋ ಏನೋ.

"ನೀವು ಗುಂಡಿ ಮುಚ್ಚಿದ್ರಿ ಅಕ್ಕ," ಎಂದೆ. "ಮುಚ್ಚದೆ ಇದ್ದಿದ್ರೂ ತೂತಿದ್ದಿದ್ರೆ ಗ್ಯಾಸ್ ಇಳಿದುಹೋಗ್ತಿತ್ತು. ತಪ್ಪು ನನ್ನದು. ಸುಳ್ಳೂ ನನ್ನದು."

 ಗೋಪಾಲಣ್ಣ ಬೆಣೆಯನ್ನು ಎತ್ತಿ, ತಿರುಗಿಸಿ, ಮತ್ತೆ ಅಲ್ಲೇ ಇಟ್ಟರು. ಮುಖ ಬಿಳಿಚಿಕೊಂಡಿತ್ತು. ಮನುಷ್ಯ ಒಳ್ಳೆಯವರು, ಕಷ್ಟದ ಹೊತ್ತನ್ನು ದಾಟಿಸಿಬಿಡಲು ನೋಡಿದರು.

"ಆಗಿದ್ದು ಆಯ್ತು. ಈಗ ಯಾಕೆ ಶಿವಣ್ಣ ಅದೆಲ್ಲ? ಕುಳಪ್ಪ ಇಲ್ಲ, ಏನೂ ತೊಂದರೆಯಿಲ್ಲ. ಇರಿ, ಚಾಯ ಇಡ್ತೀನಿ" ಎಂದು ಎದ್ದರು.

"ಕೂತ್ಕೊಳ್ಳಿ" ಎಂದರು ದೇವಕಿಯಕ್ಕ.

ಅವರು ಕೂತರು.

"ಕುಳಪ್ಪ ಇಲ್ಲ ಅಂತ ನೀವು ಹೇಳಬೇಡಿ. ಅದು ನಾನು ಹೇಳೋ ಮಾತು. ನಾನಿನ್ನೂ ಹೇಳಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. ದನಿ ಏರಲಿಲ್ಲ. "ಆರು ವರ್ಷದಿಂದ ದಿನಾ ಆ ಗುಂಡಿ ಮುಚ್ತಾ ಇದ್ದೀನಿ ಶಿವಣ್ಣ, ಗೊತ್ತಾ? ಪಾತ್ರೆ ತೊಳೀವಾಗ, ಬಟ್ಟೆ ಮಡಚುವಾಗ. ತಿರುಗಿಸಿದ್ನಾ, ಇಲ್ವಾ. ತಿರುಗಿಸಿದ್ನಾ, ಇಲ್ವಾ. ನಂಗೆ ತಲೆ ಕೆಟ್ಟಿದೆ ಅಂತ ನಾನೇ ಅಂದ್ಕೊಂಡಿದ್ದೆ."

"ಕ್ಷಮಿಸಿ ಅಕ್ಕ" ಎಂದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ. ಎದ್ದು ಅಡುಗೆಮನೆಗೆ ಹೋದರು.

ಅಡುಗೆಮನೆ ನಾವು ಕೂತಲ್ಲಿಂದ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಡಬ್ಬಿಗಳು ಸರಿದಾಡಿದವು, ಬೆಂಕಿಪೆಟ್ಟಿಗೆ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಎಲ್ಲಿದೆಯೆಂದು ಹೇಳಲು ಅರ್ಧ ಎದ್ದ ಗೋಪಾಲಣ್ಣ ಮತ್ತೆ ಕೂತರು. ಒಂದು ಕಡ್ಡಿ ಗೀರಿದ ಸದ್ದು. ಮುರಿಯಿತು. ಇನ್ನೊಂದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮೂರನೆಯದು ಹತ್ತಿತು, ಒಲೆ ಹೊತ್ತಿಕೊಂಡ ಸದ್ದು ಬಂತು. ಗೋಪಾಲಣ್ಣ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಹಾಲು ಕಾದು, ಚಾಯದ ಪರಿಮಳ ಹೊರಗೆ ಬಂತು.

ದೇವಕಿಯಕ್ಕ ಲೋಟ ಹಿಡಿದು ಬಂದರು. ಒಂದೇ ಲೋಟ. ಈ ಸೀಮೆಯಲ್ಲಿ ಹಗೆಯವನು ಬಂದರೂ ಚಾಯ ಕೊಡದೆ ಕಳಿಸುವುದಿಲ್ಲ. ಅವರು ನಮ್ಮಿಬ್ಬರ ಎದುರು ಕುರ್ಚಿ ಎಳೆದುಕೊಂಡು ಕೂತು, ಆ ಮಡಚದ ಬೆರಳುಗಳನ್ನು ಸೆರಗಿನಲ್ಲಿ ಮರೆಸದೆ, ಎರಡು ಕೈಯಲ್ಲೂ ಲೋಟ ಹಿಡಿದು ನಿಧಾನವಾಗಿ ಕುಡಿದರು. ನಮ್ಮನ್ನು ನೋಡುತ್ತಲೇ ಕುಡಿದರು. ನಾನೂ ಗೋಪಾಲಣ್ಣನೂ ಬರಿಗೈಯಲ್ಲಿ ಕೂತಿದ್ದೆವು.

ಖಾಲಿ ಲೋಟವನ್ನು ಬೆಣೆಯ ಪಕ್ಕದಲ್ಲಿಟ್ಟರು.

"ಗುಂಡಿ ಮುಚ್ಚಿದ್ದೀನಿ," ಎಂದರು. "ಬೇಕಾದ್ರೆ ಹೋಗಿ ನೋಡ್ಕೊಂಡು ಬನ್ನಿ."

ನಾವಿಬ್ಬರೂ ಏಳಲಿಲ್ಲ.